ಡಬ್ಬಿ ಮಾರುವವರು ಬೇಕಾಗಿದ್ದಾರೆ

ಫೆಬ್ರವರಿ 7, 2011, ಸೋಮವಾರ

ಇವತ್ತು ನಿಂಗಣ್ಣ ಅಳತೆ ಟೇಪು ಹಿಡಿದುಕೊಂಡು ಬಂದ. ಅಣ್ಣ ಟೇಪು ಹಿಡಿದು ಬಂದನೆಂದರೆ ಅವನ ತಲೆಯಲ್ಲಿ ಮಗ್ಗ ಓಡುತ್ತಿದೆ ಎಂದೇ ಅರ್ಥ. ನನ್ನ ಕಂಪನಿಯ ಕೋಣೆಯನ್ನು ಉದ್ದಕ್ಕೆ ಅಳೆದ, ಅಡ್ಡಕ್ಕೆ ಅಳೆದ, ನನ್ನ ಟೇಬಲ್ಲಿನ ಕೆಳಗೆ ತೂರಿ ಅಲ್ಲೂ ಅಳೆದ. ಎದ್ದು ಮೊಣಕಾಲಿನ ಧೂಳು ಝಾಡಿಸಿಕೊಂಡು, "ಆರು ಮಗ್ಗ ಕುಂದರ್ತಾವ ನೋಡು" ಅಂದ.

"ಇಲ್ಲೆ ನಾ ಕುಂತೇನಲ್ಲಣ್ಣಾ?"

"ಅದನ್ನ ಹೇಳಾಕ ಬಂದೇನಿ. ಬಸವ ಜಯಂತಿಗೆ ಮಗ್ಗ ಇಳಸ್ತೇನಿ. ಅಷ್ಟರಾಗ ನಿನ್ನ ಡಬ್ಬಿ ಖಾಲಿ ಆದ್ರ ಕೋಣಿ ನಿಂದು. ಆಗಲಿಲ್ಲಂದ್ರ ಮಗ್ಗದ್ದು. ನಾಕ ವರ್ಷ ಸುಮ್ಮನಿದ್ದೆ ತಮ್ಮಾ, ಇನ್ನ ಆಗೂದಿಲ್ಲ."

ಡಬ್ಬಿ ಅಂತೆ! ಅದರ ಹೆಸರು ಆಕ್ವಾ ಕಂಟ್ರೋಲ್ ತ್ರೀ ಫೇಸ್. ಹೊಲದ ಮೋಟರಿಗೆ ಅದನ್ನು ಜೋಡಿಸಿದರೆ ಆಯಿತು. ರೈತ ಮನೆಯಲ್ಲಿ ಕೂತು ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ, ಇನ್ನೊಂದು ಕೊಟ್ಟರೆ ಬಂದ್. ಬನಹಟ್ಟಿಯಲ್ಲಿ ಇಂಥದ್ದನ್ನು ಮಾಡಿದವನು ನಾನೊಬ್ಬನೇ. ಮುನ್ನೂರು ಮಾಡಿದೆ, ಅರವತ್ತು ಹೋದವು, ಹದಿನೆಂಟು ಸುಟ್ಟುಕೊಂಡು ವಾಪಸು ಬಂದವು. ತಪ್ಪು ಡಬ್ಬಿಯದಲ್ಲ. (ಛೇ, ನನಗೂ ಅಂಟಿತು.) ಜನಕ್ಕೆ ಬಳಸುವ ಬುದ್ಧಿ ಇಲ್ಲ, ಅವರಿಗೆ ತಿಳಿಸಿ ಹೇಳುವವರಿಲ್ಲ. ನಾನು ಎಂಜಿನಿಯರು. ಮಾತಾಡುವುದು ನನ್ನ ಕೆಲಸವಲ್ಲ.

ಆದ್ದರಿಂದ ಮಾತಾಡುವವರನ್ನು ನೇಮಿಸಿಕೊಳ್ಳಬೇಕು. ಪ್ರಾಡಕ್ಟ್ ಮಾರ್ಕೆಟಿಂಗ್ ಮ್ಯಾನೇಜರ್. ನಾಳೆಯೇ ಜಾಹೀರಾತು ಕೊಡುತ್ತೇನೆ.

ಫೆಬ್ರವರಿ 9, ಬುಧವಾರ

ಬೀಳಗಿ ಕಡೆಯ ಗಿರಾಕಿ ನಂ. 14 ಮತ್ತೆ ಫೋನು ಮಾಡಿದ್ದಳು. ಮೂರನೇ ಸಲ. "ಮೋಟರ್ ಏಳವಲ್ದೋ ಯಪ್ಪಾ" ಅಂತ. ಮ್ಯಾನ್ಯುಅಲ್ ಓದ್ರಿ ಅಂದೆ. ಓದಾಕ ಬರಂಗಿಲ್ಲ ಅಂದಳು. ಅದಕ್ಕೆ ನಾನೇನು ಮಾಡಲಿ? ಫೋನಿಟ್ಟೆ.

ಫೆಬ್ರವರಿ 16, ಬುಧವಾರ

ಸಿಕ್ಕ! ಗುರುಪಾದ, ಹುಬ್ಬಳ್ಳಿಯ ಹುಡುಗ, ಎಂಬಿಎ. ಲ್ಯಾಪ್‌ಟಾಪು, ಟೈ, ಕನ್ನಡಿಯ ಹಾಗೆ ಹೊಳೆಯುವ ಬೂಟು. ನಮ್ಮಲ್ಲಿ ಬರೆಯುವ ಬೋರ್ಡಿಲ್ಲ ಎಂದಾಗ ನೇರ ಗೋಡೆಯ ಮೇಲೆಯೇ ನಾಲ್ಕು ಚೌಕ ಬರೆದು, ನಮ್ಮ ಗ್ರಾಹಕರನ್ನೆಲ್ಲ ಅವುಗಳಲ್ಲಿ ತುಂಬಿದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾಲ್ಕು ವರ್ಷದಲ್ಲಿ ಯಾರೂ ನನ್ನ ಯಂತ್ರದ ಬಗ್ಗೆ ಇಷ್ಟು ಇಂಗ್ಲಿಷ್ ಮಾತಾಡಿರಲಿಲ್ಲ.

ಸಂಜೆ ನಿಂಗಣ್ಣ ಬಂದು ಗೋಡೆ ನೋಡಿ, "ಯಾವ ಲೇ ಸುಣ್ಣ ಹಚ್ಚಿದ ಗ್ವಾಡಿ ಹೊಲಸ ಮಾಡಿದಾಂವ?" ಅಂದ.

ಫೆಬ್ರವರಿ 22, ಮಂಗಳವಾರ

ಗುರುಪಾದ ಬಣ್ಣದ ಹಾಳೆ ಅಚ್ಚು ಹಾಕಿಸಿದ್ದಾನೆ. ಒಬ್ಬ ರೈತ ಗೋಧಿ ಹೊಲದಲ್ಲಿ ನಿಂತು ನಗುತ್ತಾನೆ. ಕೂದಲು ಕೆಂಚು, ಹಿಂದೆ ನೀಲಿ ಟ್ರ್ಯಾಕ್ಟರು. ಸೋಲ್ಡರಿಂಗ್ ಮಾಡುವ ಶೇವಂತಿ ಬಹಳ ಹೊತ್ತು ಅದನ್ನು ನೋಡಿ, "ಇಂವಾ ಯಾವೂರಾಂವರಿ? ಇವನ ಕಬ್ಬ ಎಲ್ಲಿ ಹೋತು?" ಎಂದು ಕೇಳಿದಳು. ಶೇವಂತಿಗೆ ಮಾರ್ಕೆಟಿಂಗ್ ತಿಳಿಯುವುದಿಲ್ಲ.

ಫೆಬ್ರವರಿ 25, ಶುಕ್ರವಾರ

ಮುಧೋಳದ ಹತ್ತಿರ ಒಂದು ಕಬ್ಬಿನ ಹೊಲದಲ್ಲಿ ಗುರುಪಾದನ ಪ್ರಾತ್ಯಕ್ಷಿಕೆ. ನಲವತ್ತು ಜನ ಸೇರಿದ್ದರು. ಅವನು ಭಾಷಣ ಮುಗಿಸಿ ಎಲ್ಲರೆದುರು ಮಿಸ್ಡ್ ಕಾಲ್ ಕೊಟ್ಟ. ಯಂತ್ರ ಅದ್ಭುತವಾಗಿ ಕೆಲಸ ಮಾಡಿತು. ಅವನು ನಿಂತಿದ್ದದ್ದು ನೀರು ಹರಿಯುವ ಕಾಲುವೆಯೊಳಗೆ. ಎರಡು ಬೂಟಿನಲ್ಲಿ ಒಂದು ಮಾತ್ರ ಸಿಕ್ಕಿತು.

ಒಂದೇ ಬೂಟಿನಲ್ಲಿ ಮುಧೋಳ ಬಸ್‌ಸ್ಟ್ಯಾಂಡಿನಿಂದ ಹುಬ್ಬಳ್ಳಿ ಬಸ್ಸು ಹತ್ತಿದನಂತೆ. ರಾಜೀನಾಮೆ ಎಸ್ಸೆಮ್ಮೆಸ್ಸಿನಲ್ಲಿ ಬಂತು.

ಮಾರ್ಚ್ 7, ಸೋಮವಾರ

ಒಂದೇ ದಿನ ಎಂಟು ಯಂತ್ರ ವಾಪಸು. ಎಲ್ಲವೂ ಒಳಗೆ ಸುಟ್ಟಿವೆ. ಬಿಚ್ಚಿ ನೋಡಿದರೆ ಸ್ವಿಚ್ಚು ಕೂಡುವ ಜಾಗದಲ್ಲಿ ಹಳದಿ ಪುಡಿ. ಈ ಹಿಂದಿನ ಹದಿನೆಂಟರಲ್ಲೂ ಇತ್ತು, ನಾನು ತುಕ್ಕು ಅಂದುಕೊಂಡಿದ್ದೆ.

ಯಾವ ಯಂತ್ರ ಯಾವ ದಿನ ಸುಟ್ಟಿತೆಂದು ಕೂತು ನಕ್ಷೆ ಬರೆದೆ. ಪ್ರತಿ ತಿಂಗಳೂ ಸುಡುವುದು ಅಮಾವಾಸ್ಯೆಗೆ ಅಥವಾ ಮಾರನೆಯ ದಿನ! ಚಂದ್ರನಿಗೂ ವೋಲ್ಟೇಜಿಗೂ ಸಂಬಂಧವಿರಬಹುದೇ? ಹಳದಿ ಪುಡಿ ಸಕ್ಕರೆ ಕಾರ್ಖಾನೆಗಳಲ್ಲಿ ಬಳಸುವ ಗಂಧಕ ಗಾಳಿಯಲ್ಲಿ ತೇಲಿಬಂದದ್ದೇ? ಇದನ್ನು ಜಗತ್ತಿಗೆ ತಿಳಿಸಬೇಕು. ಪುಡಿಯನ್ನು ಪೊಟ್ಟಣ ಕಟ್ಟಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯ ದಶರಥನಿಗೆ ಕಳಿಸಿದ್ದೇನೆ.

ಮಾರ್ಚ್ 11, ಶುಕ್ರವಾರ

ದಶರಥನ ಫೋನು. "ಅರಿಷಿಣ ಐತಿ ಮಾರಾಯಾ. ಚಲೋ ತರದ್ದು. ಉಳದದ್ದನ್ನ ನಮ್ಮ ಮನ್ಯಾಗ ಒಗ್ಗರಣಿಗೆ ಹಾಕ್ಯಾರ."

ಅಂದರೆ ಜನ ನನ್ನ ಯಂತ್ರವನ್ನು ಅಡುಗೆಮನೆಯಲ್ಲಿ ಇಡುತ್ತಿದ್ದಾರೆ! ತಕ್ಷಣ ಸ್ಟಿಕರ್ ಮಾಡಿಸಿದೆ: "ಎಚ್ಚರಿಕೆ, ಅಡುಗೆಮನೆಯಲ್ಲಿ ಇಡಬಾರದು." ಉಳಿದ ಎಲ್ಲ ಡಬ್ಬಿಗೂ ಅಂಟಿಸಿ ಆಯಿತು. ಸಮಸ್ಯೆ ಪರಿಹಾರವಾಯಿತು.

ಮಾರ್ಚ್ 22, ಮಂಗಳವಾರ

ಹೊಸಬ ಬಂದು ಎಂಟೇ ದಿನ. ದುಂಡೇಶ, ಮುಧೋಳದವನು. ಮೊದಲು ವಿಮೆ ಮಾಡಿಸುತ್ತಿದ್ದ. ಬಾಯಿ ಎಂದರೆ ಬಾಯಿ. ಎಂಟು ದಿನದಲ್ಲಿ ಮೂವತ್ತನಾಲ್ಕು ಡಬ್ಬಿ ಮಾರಿದ್ದಾನೆ. ನಿಂಗಣ್ಣ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಹೇಗೆ ಮಾರುತ್ತೀ ಎಂದು ಕೇಳಿದರೆ ದುಂಡೇಶ, "ನೀವು ಕೇಳಬ್ಯಾಡ್ರಿ ಮಾಲಕರ, ನಾ ಹೇಳಂಗಿಲ್ಲ" ಅನ್ನುತ್ತಾನೆ. ಕೆಲಸ ಅಂದರೆ ಇದು.

ಮಾರ್ಚ್ 26, ಶನಿವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಜನವೋ ಜನ. ಎಲ್ಲರ ತೊಡೆಯ ಮೇಲೂ ಒಂದೊಂದು ಡಬ್ಬಿ. ದುಂಡೇಶ ಕರೆಂಟಿಲ್ಲದಿದ್ದರೂ ಮೋಟರ್ ಓಡುತ್ತದೆ, ಟವರಿನಿಂದ ಕರೆಂಟು ಎಳೆದುಕೊಳ್ಳುತ್ತದೆ ಎಂದು ಹೇಳಿದ್ದನಂತೆ. ಕಳ್ಳ ಬಂದರೆ ಪೊಲೀಸರಿಗೆ ತಾನೇ ಫೋನು ಮಾಡುತ್ತದಂತೆ. ಮಳೆ ಬರುವುದು ಮೊದಲೇ ಗೊತ್ತಾಗುತ್ತದಂತೆ.

"ಕರೆಂಟ್ ಹೋದಾಗ ಇಪ್ಪತ್ತ ಸಲ ಹಚ್ಚೇನ್ರಿ" ಎಂದು ಒಬ್ಬ ಮುದುಕ ಬಹಳ ಬೇಜಾರಿನಲ್ಲಿ ಹೇಳಿದ. "ಮೋಟರ್ ಫೋನ ಎತ್ತವಲ್ದು."

ಮೂವತ್ತನಾಲ್ಕೂ ವಾಪಸು. ದುಂಡೇಶನ ಫೋನು ಸ್ವಿಚ್ ಆಫ್. ಇನ್ನು ನಲವತ್ತು ದಿನ. ನನಗೆ ಹೆದರಿಕೆಯಾಗುತ್ತಿದೆ.

ಮಾರ್ಚ್ 29, ಮಂಗಳವಾರ

ಒಬ್ಬಳು ಬಂದಿದ್ದಳು. ಶೈಲಾ ಹಾಲಸಿದ್ದಪ್ಪ, ಊರು ಹುನ್ನೂರ. ಇಪ್ಪತ್ತಾರು ಇರಬಹುದು. ಜಮಖಂಡಿಯಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾಳೆ.

"ಮಾತು ಚಲೋ ಬರ್ತದೇನು?"

"ಬಂದವ್ರು ಮಾತಾಡ್ತಿದ್ರರಿ. ನಾ ಕೇಳ್ತಿದ್ದೆ."

ಆಗದ ಮಾತು, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ಅವಳು ಮೂಲೆಯಲ್ಲಿದ್ದ ಸುಟ್ಟ ಡಬ್ಬಿಯೊಂದನ್ನು ಎತ್ತಿಕೊಂಡು, ನನ್ನ ಕೇಳದೆಯೇ ಸ್ಕ್ರೂ ಬಿಚ್ಚಿದಳು. ಒಳಗೆ ಬೆರಳಾಡಿಸಿ ಮೂಸಿದಳು. ಆಮೇಲೆ ಹೊರಗಿನ ಸ್ಟಿಕರ್ ಓದಿದಳು. ಓದಿ ನಗಲು ಶುರು ಮಾಡಿದವಳು ಗೋಡೆ ಹಿಡಿದು ಕೂತೇ ಬಿಟ್ಟಳು. ಶೇವಂತಿ ನೀರು ತಂದುಕೊಟ್ಟಳು.

"ಸರ್, ಇದು ಭಂಡಾರ್ರಿ. ನಮ್ಮ ಬೀರಪ್ಪ ದೇವ್ರ ಅರಿಷಿಣ. ಅಮಾಸಿಗೆ ಮೋಟರಿಗೆ, ಸ್ಟಾರ್ಟರಿಗೆ ಎಲ್ಲಾ ಪೂಜಿ ಮಾಡ್ತೀವಲ್ರಿ. ಭಂಡಾರ ಹಾರಸ್ತೀವಿ, ಕಾಯಿ ಒಡೀತೀವಿ. ನೀವು ಡಬ್ಬಿ ನೆತ್ತಿ ಮ್ಯಾಲನ ತೂತು ಬಿಟ್ಟೀರಿ."

ಆ ತೂತುಗಳು ಶಾಖ ಹೊರಗೆ ಹೋಗಲು ನಾನೇ ಲೆಕ್ಕ ಹಾಕಿ ಬಿಟ್ಟವು. ಶಾಖ ಮೇಲಕ್ಕೆ ಹೋಗುತ್ತದೆ, ಅದು ವಿಜ್ಞಾನ. ಅರಿಷಿಣ ಕೆಳಕ್ಕೆ ಬರುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ನಾನೂ ಹುಟ್ಟಿದಾಗಿನಿಂದ ಅಮಾವಾಸ್ಯೆಗೆ ಮಗ್ಗಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದವನೇ. ಮಗ್ಗ ಕಬ್ಬಿಣದ್ದು, ಅದಕ್ಕೆ ಏನೂ ಆಗುವುದಿಲ್ಲ. ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನೋಡಿ ತಿಳಿಸುತ್ತೇನೆ ಎಂದು ಅವಳನ್ನು ಕಳಿಸಿದೆ. ಹೋಗುವಾಗ, "ರವಿವಾರ ಅಮಾಸಿ ಐತ್ರಿ, ಹುನ್ನೂರಿಗೆ ಬಂದ ನೋಡ್ರಿ" ಅಂದಳು.

ಏಪ್ರಿಲ್ 3, ಭಾನುವಾರ

ಹೋಗಬಾರದು ಅಂದುಕೊಂಡಿದ್ದೆ. ಹೋದೆ.

ಶೈಲಾಳ ಅಪ್ಪ ಹಾಲಸಿದ್ದಪ್ಪನಿಗೆ ಕುರಿಯೂ ಇವೆ, ಕಬ್ಬೂ ಇದೆ. ಬಾವಿಯ ಪಕ್ಕದ ಪುಟ್ಟ ಕೋಣೆಯಲ್ಲಿ ನನ್ನ ಡಬ್ಬಿ ಹೂಮಾಲೆ ಹಾಕಿಕೊಂಡು ಕೂತಿತ್ತು. ನಾನೇ ಮಾಡಿದವನು ಎಂದು ಗೊತ್ತಾದಾಗ ಮುದುಕ ನನ್ನ ಎರಡೂ ಕೈ ಹಿಡಿದುಕೊಂಡ.

"ಕರೆಂಟ್ ಬರೂದು ಹೊತ್ತಿಲ್ಲದ ಹೊತ್ತಿನ್ಯಾಗ. ಹತ್ತ ವರ್ಷ ಕಣ್ಣ ತುಂಬ ಮಲಗಿದ್ದಿಲ್ಲ ತಮ್ಮಾ. ನನ್ನ ನಿದ್ದಿ ನನಗ ಕೊಟ್ಟ ಡಬ್ಬಿ ಇದು. ಇದಕ್ಕೊಂದ ಕಾಯಿ ಒಡೀಬಾರದನು?"

ಒಡೆದ. ಎಲ್ಲಿ? ಡಬ್ಬಿಯ ಮೂಲೆಗೇ ಕುಕ್ಕಿ! "ಮೂಲಿ ಭಾರೀ ಚಲೋ ಮಾಡೀದಿ ನೋಡು, ಒಂದ ಏಟಿಗೆ ಎರಡ ಹೋಳು" ಎಂದು ಹೊಗಳಿದ. ಕಾಯಿಯ ನೀರು ಪೂರ್ತಿ ತೂತಿನೊಳಗೆ ಇಳಿಯಿತು. ಮೇಲೆ ಎರಡು ಬೊಗಸೆ ಭಂಡಾರ. ಆಮೇಲೆ ಭಕ್ತಿಯಿಂದ ಮಿಸ್ಡ್ ಕಾಲ್ ಕೊಟ್ಟ. ಮೋಟರ್ ಎದ್ದಿತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದು ಎಣಿಸುವಷ್ಟರಲ್ಲಿ ಚಟ್ ಎಂದಿತು, ಹೊಗೆ ಬಂತು.

ಯಾರೂ ಗಾಬರಿಯಾಗಲಿಲ್ಲ. ಹಾಲಸಿದ್ದಪ್ಪ ಮಗಳ ಕಡೆ ತಿರುಗಿ, "ಶೈಲಾ, ಬ್ರಶ್ ತಗೊಂಬಾ ಯವ್ವಾ" ಅಂದ. ಅವಳು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಬಿಸಿಲಿಗಿಟ್ಟು ಒಂದು ತಾಸಿನಲ್ಲಿ ಮತ್ತೆ ಚಾಲೂ ಮಾಡಿದಳು. ಪ್ರತಿ ಅಮಾವಾಸ್ಯೆಗೂ ಹೀಗೇ ಮಾಡುತ್ತಾಳಂತೆ.

ಏಪ್ರಿಲ್ 4, ಸೋಮವಾರ

ಯುಗಾದಿ. ಬೇವನ್ನಷ್ಟೇ ತಿಂದೆ.

ಏಪ್ರಿಲ್ 9, ಶನಿವಾರ

ಶೈಲಾಳನ್ನು ಕರೆಸಿ ಕೆಲಸ ಕೊಡುತ್ತೇನೆ ಅಂದೆ. ಬ್ಯಾಡ್ರಿ ಅಂದಳು! ನಾನು ನೇಮಿಸಿಕೊಂಡವರೆಲ್ಲ ಓಡಿಹೋದರು ಸರಿ, ಇವಳು ಬರುವ ಮೊದಲೇ ಓಡುತ್ತಿದ್ದಾಳೆ.

"ಪೂಜೆ ಮಾಡಬಾರದು ಅಂತ ಸ್ಟಿಕರ್ ಹಚ್ಚೋಣ" ಅಂದೆ.

"ಹಚ್ರಿ. ಅದಕ್ಕೂ ಭಂಡಾರ ಹಚ್ತಾರ. ಜನ ಬದಲಾಗಂಗಿಲ್ರಿ ಸರ್, ಡಬ್ಬಿ ಬದಲ ಮಾಡ್ರಿ. ನೆತ್ತಿ ಮುಚ್ಚಿ, ತೂತು ಕೆಳಗ ಮಾಡ್ರಿ. ಕಾಯಿ ಒಡ್ಯಾಕ ಬಾಜೂಕ ಒಂದ ಕಲ್ಲ ಕೊಡ್ರಿ. ಸುಡತೈತಿ ಅಂತ ಗೊತ್ತಿದ್ದ ಮಾಲನ್ನ ನಮ್ಮ ಮಂದಿಗೆ ನಾ ಮಾರಂಗಿಲ್ಲ."

ಯಂತ್ರದ ಜೊತೆ ಕಲ್ಲು ಕೊಡಬೇಕಂತೆ. ನಾನು ಡಿಪ್ಲೊಮಾ ಮಾಡಿದ್ದು ಕಲ್ಲು ಕೊಡಲಿಕ್ಕೆ. ಅಲ್ಲದೆ ಇನ್ನೂರೈವತ್ತಕ್ಕೂ ಹೆಚ್ಚು ಡಬ್ಬಿ ಬಿಚ್ಚಿ ಸರಿಮಾಡಲು ಎರಡು ತಿಂಗಳು ಬೇಕು. ಬಸವ ಜಯಂತಿಗೆ ಇಪ್ಪತ್ತೇಳೇ ದಿನ. ಹೋಗಮ್ಮಾ ಅಂದೆ. ಹೋದಳು.

ಏಪ್ರಿಲ್ 17, ಭಾನುವಾರ

ಬೀಳಗಿ ಕಡೆ ಹೋಗಿದ್ದೆ. ಯಾಕೆ ಹೋದೆನೋ, ಸುಮ್ಮನೆ. ಹದಿನಾಲ್ಕನೆಯ ಡಬ್ಬಿಯ ಅನಸವ್ವ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಡ್ಯಾಮಿನ ಹಿನ್ನೀರಿನಲ್ಲಿ ಊರು ಹೋಯಿತು, ಮನೆ ಇಲ್ಲಿಗೆ ಬಂತು. ಉಳಿದ ಒಂದೂವರೆ ಎಕರೆ ಮಾತ್ರ ಅಲ್ಲೇ ನೀರಿನ ದಂಡೆಯಲ್ಲಿದೆ. ಐದು ಕಿಲೋಮೀಟರು. ಮೋಟರ್ ಹಚ್ಚಲು ನಡೆದು ಹೋಗಿ, ನಿಲ್ಲಿಸಲು ಮತ್ತೆ ನಡೆದು ಹೋಗುತ್ತಾಳೆ. ನಾನೂ ಜೊತೆಗೆ ನಡೆದೆ. ಬಿಸಿಲಿಗೆ ನನ್ನ ತಲೆ ಸುತ್ತಿತು, ಅವಳೇ ನನ್ನ ಚೀಲ ಹಿಡಿದುಕೊಂಡಳು.

ಬೈಯುತ್ತಾಳೆ ಅಂದುಕೊಂಡಿದ್ದೆ. "ಎಂಟ ದಿನ ನಡೀತಪಾ ನಿನ್ನ ಡಬ್ಬಿ" ಅಂದಳು. "ಎಂಟ ದಿನ ಕಟ್ಟಿ ಮ್ಯಾಲ ಕುಂತ, ಫೋನ ಒತ್ತಿ, ನೀರ ಬಿಟ್ಟೆ. ಓಣ್ಯಾಗಿನ ಮಂದಿ ಎಲ್ಲಾ ನೋಡಾಕ ಬರತಿದ್ರು. ರಾಣಿ ಆಗಿದ್ದೆ ನೋಡು."

ನಾನು ಬ್ರಶ್ಶು ಒಯ್ದಿದ್ದೆ. ತಿಕ್ಕಿ, ನೆತ್ತಿಯ ತೂತಿಗೆ ಪಟ್ಟಿ ಹಾಕಿ, ಕೆಳಗೆ ಹೊಸ ತೂತು ಕೊರೆದು ಕೊಟ್ಟೆ. ಫೆಬ್ರವರಿಯಲ್ಲಿ ನಾನು ಫೋನಿಟ್ಟದ್ದು ಅವಳಿಗೆ ನೆನಪಿಲ್ಲವಂತೆ. ನನಗಿದೆ.

ಏಪ್ರಿಲ್ 18, ಸೋಮವಾರ

ಶೇವಂತಿಗೆ ಎಲ್ಲ ಡಬ್ಬಿ ಬಿಚ್ಚಲು ಹೇಳಿದೆ. "ಎಲ್ಲಾ?" ಅಂದಳು. ಎಲ್ಲಾ.

ಮೇ 4, ಬುಧವಾರ

ನಿನ್ನೆ ಅಮಾವಾಸ್ಯೆ. ಸರಿಮಾಡಿದ ಹತ್ತು ಡಬ್ಬಿ (ಜೊತೆಗೆ ಒಂದೊಂದು ಕಲ್ಲು) ಹೊಲಗಳಲ್ಲಿವೆ. ಇಡೀ ದಿನ ಫೋನಿನ ಮುಂದೆ ಕೂತಿದ್ದೆ. ಒಂದೂ ಫೋನು ಬರಲಿಲ್ಲ. ತಡೆಯಲಾರದೆ ನಾನೇ ಹತ್ತೂ ಜನಕ್ಕೆ ಮಾಡಿದೆ. ಎಲ್ಲಾ ಚಾಲೂ! ಹಾಲಸಿದ್ದಪ್ಪನಿಗೆ ಮಾತ್ರ ಬೇಜಾರು, ಕಾಯಿ ಕಲ್ಲಿಗೆ ಎರಡು ಏಟು ಬೇಕಾಯಿತಂತೆ.

ಕೋಣೆಯಲ್ಲಿ ಐವತ್ತು ತಯಾರು, ಇನ್ನೂರು ಬಾಕಿ. ನಾಡಿದ್ದು ಬಸವ ಜಯಂತಿ.

ಸಂಜೆ ದುಂಡೇಶ ಬಂದ, ಏನೂ ಆಗಿಯೇ ಇಲ್ಲವೆಂಬಂತೆ. ಮುಧೋಳದಲ್ಲಿ ಕರೆಪ್ಪ ಎಂಬ ದೊಡ್ಡ ಡೀಲರ್ ಇದ್ದಾನಂತೆ. ಇದ್ದದ್ದು ಇದ್ದಂತೆ ಅಷ್ಟೂ ಡಬ್ಬಿ ನಾಳೆಯೇ ಎತ್ತುತ್ತಾನಂತೆ. ಕೋಣೆ ಉಳಿಯುತ್ತದೆ. ಕಂಪನಿ ಉಳಿಯುತ್ತದೆ. ಹೂಂ ಅಂದೆ. ಶೇವಂತಿ ನನ್ನ ಮುಖ ನೋಡಲಿಲ್ಲ.

ಮೇ 5, ಗುರುವಾರ

ನಾನೊಬ್ಬ ಕತ್ತೆ.

ಟೆಂಪೋ ಗೊತ್ತುಮಾಡಿ, ಮುಧೋಳಕ್ಕೆ ಹೋಗಿ, ಕರೆಪ್ಪನ ಅಂಗಡಿಯಲ್ಲಿ ಕೂತಿದ್ದೆ. ಚಹಾ ಬಂತು. ಮಾತೆಲ್ಲ ದುಂಡೇಶನೇ ಮುಗಿಸಿದ್ದ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಜನ್ಮದಲ್ಲಿ ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ಕರೆಪ್ಪ ಸಹಜವಾಗಿ, "ಗ್ಯಾರಂಟಿ ಎಷ್ಟ ದಿನರಿ?" ಎಂದು ಕೇಳಿದ.

ದುಂಡೇಶ "ಎರಡ ವರ್ಷ" ಅಂದ. ಅದೇ ಹೊತ್ತಿಗೆ ನನ್ನ ಬಾಯಿಂದ, "ಅಮಾಸಿ ತನಕರಿ" ಎಂದು ಬಂತು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕ್ಯಾಲೆಂಡರ್ ಇಳಿಸಿ ಅದರ ಬೆನ್ನಿಗೆ ಡಬ್ಬಿಯ ಚಿತ್ರ ಬರೆದು, ಭಂಡಾರ ಎಲ್ಲಿ ಇಳಿಯುತ್ತದೆ, ಕಾಯಿಯ ನೀರು ಎಲ್ಲಿ ನಿಲ್ಲುತ್ತದೆ, ಏನು ಮಾಡಿದರೆ ಸುಡುವುದಿಲ್ಲ ಎಂದು ಅರ್ಧ ತಾಸು ವಿವರಿಸಿದೆ. ಕರೆಪ್ಪ ನಕ್ಕು ನಕ್ಕು ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡ. ಗಿರಾಕಿಗಳನ್ನೂ ಕರೆದು ಇನ್ನೊಮ್ಮೆ ಹೇಳಿಸಿದ. ಮಾಲು ಮಾತ್ರ ಬ್ಯಾಡ ಅಂದ. ದುಂಡೇಶ ಹೊರಗೆ ಬಂದು, "ನಿಮ್ಮ ಕಂಪನಿಗಿ ಮಾರಾವ್ರು ಬ್ಯಾಡ್ರಿ, ನಿಮ್ಮ ಬಾಯಿ ಹಿಡ್ಯಾವ್ರು ಬೇಕು" ಎಂದು ಬೈದು ಹೋದ.

ಕೋಣೆ ಹೋಯಿತು. ಶೈಲಾಳಿಂದಲೇ ಆದದ್ದು ಇದೆಲ್ಲ.

ಮೇ 6, ಶುಕ್ರವಾರ, ಬಸವ ಜಯಂತಿ

ಬೆಳಿಗ್ಗೆ ಎಂಟಕ್ಕೆ ಮಗ್ಗ ಇಳಿದವು. ನಾನು, ಶೇವಂತಿ ಡಬ್ಬಿಗಳನ್ನು ಹೊರಗಿನ ಪಡಸಾಲೆಗೆ ಸಾಗಿಸಿದೆವು. ನಿಂಗಣ್ಣನೂ ಕೈ ಹಚ್ಚಿದ, ಒಂದೊಂದನ್ನೂ ಕೂಸನ್ನು ಎತ್ತಿದ ಹಾಗೆ ಎತ್ತಿ ಇಟ್ಟ. ಪೂಜೆಯಾಗಿ ಆರೂ ಮಗ್ಗ ಒಟ್ಟಿಗೆ ಶುರುವಾದಾಗ ಗೋಡೆಗಳು ನಡುಗಿದವು. ನಾನು ಡಬ್ಬಿಗಳ ಹಿಂದೆ ಕೂತು ಅತ್ತುಬಿಟ್ಟೆ. ನಾಲ್ಕು ವರ್ಷ ಆ ಕೋಣೆಯಲ್ಲಿದ್ದೆ.

ಹನ್ನೆರಡಕ್ಕೆ ಶೈಲಾ ಬಂದಳು. ಮಗ್ಗದ ಸದ್ದಿಗೆ ಕಿವಿಯ ಹತ್ತಿರ ಬಂದು ಒದರಿದಳು.

"ಕೆಲಸ ಖಾಲಿ ಐತೇನ್ರಿ?"

"ಕೆಲಸ ಐತಿ, ಕಂಪನಿ ಇಲ್ಲ!"

"ಕರೆಪ್ಪನ ಅಂಗಡ್ಯಾಗ ನೀವು ಹೇಳಿದ್ದು ಹುನ್ನೂರ ತನಕ ಬಂದೈತ್ರಿ! ಮುಂದಿನ ಅಮಾಸಿ ಎಂದೈತ್ರಿ?"

"ಜೂನ್ ಒಂದು!" ಕ್ಯಾಲೆಂಡರ್ ನೋಡದೆ ಹೇಳಿದೆ.

ಅವಳು ಸೆರಗು ಕಟ್ಟಿ, ಡಬ್ಬಿಯೊಂದನ್ನು ಎಳೆದುಕೊಂಡು ಕೂತಳು. ಸ್ಕ್ರೂಡ್ರೈವರ್ ಕೊಡ್ರಿ ಎಂದು ಕೈಸನ್ನೆ ಮಾಡಿದಳು. ಮೂವರೂ ಬಿಚ್ಚುತ್ತಾ ಕೂತೆವು.

ಮೂರು ಗಂಟೆಗೆ ಫೋನು ಬಂತು. ಮುಧೋಳದ ಕಡೆಯ ಯಾರೋ ರೈತ. "ಅಮಾಸಿ ತನಕ ಗ್ಯಾರಂಟಿ ಕೊಡಾವ್ರು ನೀವ ಏನ್ರಿ?" ಎನ್ನುವಷ್ಟು ಕೇಳಿಸಿತು, ಮುಂದಿನದು ಮಗ್ಗದ ಸದ್ದಿನಲ್ಲಿ ಮುಳುಗಿತು. "ಏನ್ರಿ? ಇನ್ನೊಮ್ಮೆ ಹೇಳ್ರಿ!" ಎಂದು ಒದರಿದೆ. ಒಂದು ಕಿವಿ ಮುಚ್ಚಿಕೊಂಡು ಬೀದಿಗೆ ಇಳಿದೆ, ಅಲ್ಲೂ ಕೇಳಿಸಲಿಲ್ಲ. ಅವರು ಏನೋ ಕಷ್ಟ ಹೇಳುತ್ತಿದ್ದರು, ಫೋನು ಇಟ್ಟುಬಿಟ್ಟಾರೆಂದು ನನಗೆ ಗಾಬರಿ.

ಆಗ ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ಒಂದಾದ ಮೇಲೊಂದು ಆರೂ ನಿಂತವು. ಮುಹೂರ್ತದ ದಿನ ಹಚ್ಚಿದ ಮಗ್ಗವನ್ನು ನಡುವೆ ನಿಲ್ಲಿಸುವುದು ನಮ್ಮ ಮನೆತನದಲ್ಲಿ ಇಲ್ಲ. ಬಾಗಿಲಲ್ಲಿ ನಿಂಗಣ್ಣ ನಿಂತಿದ್ದ, ಕೈಯಲ್ಲಿ ಒರೆಸುವ ಅರಿವೆ.

"ಮಾತಾಡು ಲೇ" ಅಂದ. "ಪಾಪ, ಏನೋ ಹೇಳಾಕತ್ತಾರ."

ಮೆಟ್ಟಿಲ ಮೇಲೆ ಕೂತೆ. "ಹೇಳ್ರಿ ಯಜಮಾನ್ರ" ಅಂದೆ. "ಮೊದಲಿಂದ ಹೇಳ್ರಿ, ಗಡಿಬಿಡಿ ಇಲ್ಲ." ಅವರು ಮೊದಲಿಂದ ಹೇಳಿದರು. ಬಹಳ ಹೊತ್ತು ಹೇಳಿದರು. ಅವರು ಮುಗಿಸುವವರೆಗೂ ನಿಂಗಣ್ಣ ಮಗ್ಗ ಹಚ್ಚಲಿಲ್ಲ.